ಮಧ್ಯದ ತುಂಡು

ಮಧ್ಯಾಹ್ನ ಹೆಂಡತಿ ಕನ್ನಡಕದ ಅಂಗಡಿಯಿಂದ ಫೋನು ಮಾಡಿ ‘ಸಂಜೆ ಅಡುಗೆ ನೀನೇ ಮಾಡ್ತೀಯಾ?’ ಎಂದು ಕೇಳಿದಾಗ ಅವನ ಒಂದು ಕೈಯಲ್ಲಿ ಪೇಂಟಿನ ಬ್ರಷ್ಷು, ಇನ್ನೊಂದರಲ್ಲಿ ಅರೆಬೆಂದ ಕೋಳಿಕಾಲು ಇತ್ತು. ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು ಕತ್ತು ವಾರೆ ಮಾಡಿ ನಿಂತಿದ್ದ. ‘ಏನು ಮಾಡ್ಲಿ?’ ಎಂದ. ಅವಳು ಆ ಕಡೆ ಯಾರಿಗೋ ‘ಗದ್ದ ಇಲ್ಲಿ ಇಡಿ, ಹಾಂ, ಆ ಚಿತ್ರಾನೇ ನೋಡ್ತಾ ಇರಿ’ ಎಂದು ಹೇಳಿ, ಆಮೇಲೆ ಅದೇ ದನಿಯಲ್ಲಿ ಇವನಿಗೆ, ‘ಆ ಇಟಾಲಿಯನ್ ಚಿಕನ್ನೇ ಮಾಡು. ಬಾಣಲೇಲಿ ಟೊಮೆಟೊ ಹಾಕಿ ಮಾಡ್ತೀಯಲ್ಲ, ಅದು. ಬೇಗ ಆಗುತ್ತಲ್ಲ,’ ಎಂದಳು. ಇವನು ಸರಿ ಎಂದ. ಫೋನು ಕೆಳಗಿಟ್ಟ ಮೇಲೂ ಸ್ವಲ್ಪ ಹೊತ್ತು ಕತ್ತು ವಾರೆಯಾಗಿಯೇ ಉಳಿದಿತ್ತು. ಆಸ್ಪತ್ರೆಯಿಂದ ಮನೆಗೆ ಬಂದಂದಿನಿಂದ ಅವಳು ಅವನ ಕೈಯ ಒಂದು ತುತ್ತು ತಿಂದಿರಲಿಲ್ಲ. ತಿನ್ನುವುದಿಲ್ಲ ಎಂದು ಬಾಯಿಬಿಟ್ಟು ಹೇಳಿಯೂ ಇರಲಿಲ್ಲ. ಹೇಳಿದ್ದರೆ ಒಂದು ಜಗಳವಾದರೂ ಆಗಿ ಮುಗಿಯುತ್ತಿತ್ತು. ಈಗ ತಾನಾಗಿಯೇ ಕೇಳಿದ್ದಾಳೆ, ಅದೂ ಆ ಅಡುಗೆಯನ್ನೇ. ಕ್ಷಮಿಸಿದ್ದೇನೆ ಎಂದು ಹೇಳುವ ರೀತಿಯೋ ಇದು, ಅಥವಾ ಎದುರಿಗೆ ಕೂರಿಸಿಕೊಂಡು ಕೇಳಬೇಕಾದದ್ದನ್ನು ಕೇಳುವ ಸಿದ್ಧತೆಯೋ, ತಿಳಿಯದೆ ಅವನು ಕೋಳಿಕಾಲಿಗೆ ಬಳಿದ ಕಡೆಯೇ ಮತ್ತೆ ಬಣ್ಣ ಬಳಿದ. ‘ಏನಯ್ಯಾ, ಅದಕ್ಕೆ ಸುಣ್ಣ ಹೊಡೀತಾ ಇದೀಯೋ ಹೇಗೆ?’ ಎಂದು ಫೋಟೋಗ್ರಾಫರ್ ಕ್ಯಾಮೆರಾದ ಹಿಂದಿನಿಂದ ಕೇಳಿದ. ದೀಪ ಹಿಡಿದವನು ನಕ್ಕ. ಇವನೂ ನಕ್ಕ.

ಅವನು ಫೋಟೋಗಳಿಗೆ ಅಡುಗೆ ಮಾಡುವವನು. ಪೊಟ್ಟಣಗಳ ಮೇಲೆ, ಜಾಹೀರಾತಿನಲ್ಲಿ, ಹೋಟೆಲುಗಳ ಮೆನು ಕಾರ್ಡಿನಲ್ಲಿ ಬಾಯಲ್ಲಿ ನೀರೂರುವ ಹಾಗೆ ಮಿರಮಿರ ಮಿಂಚುತ್ತ ಕೂತಿರುತ್ತದಲ್ಲ, ಆ ಅಡುಗೆ. ಅದನ್ನು ಯಾರೂ ತಿನ್ನುವುದಿಲ್ಲ, ತಿನ್ನಲೂಬಾರದು. ಹಿಂದೆ ದೊಡ್ಡ ಹೋಟೆಲೊಂದರಲ್ಲಿ ನಿಜವಾದ ಒಲೆಯ ಮುಂದೆ ನಿಂತು ಬೆವರು ಸುರಿಸಿದವನೇ. ತಟ್ಟೆ ಸಿಂಗರಿಸುವುದರಲ್ಲಿ ಕೈ ಚುರುಕು ಎಂದು ಹೆಸರು ಬಂದು, ಆ ಹೆಸರೇ ಅವನನ್ನು ಇಲ್ಲಿಗೆ ಎಳೆದು ತಂದಿತು. ಸ್ಟುಡಿಯೋದವರು ಅವನನ್ನು ಬಣ್ಣದ ಬಾಣಸಿಗ ಎನ್ನುತ್ತಾರೆ. ಬೆನ್ನ ಹಿಂದೆ ಅಲ್ಲ, ಎದುರಿಗೇ, ಅವನೂ ಓಗೊಡುತ್ತಾನೆ. ಈ ಕಸುಬಿನಲ್ಲಿ ಮೊದಲು ಕಲಿಯಬೇಕಾದದ್ದು ಬೇಯಿಸದೆ ಬಿಡುವುದನ್ನು. ಪೂರಾ ಬೆಂದ ಕೋಳಿ ಕುಗ್ಗಿ ಸುಕ್ಕುಗಟ್ಟಿ ಮುದುಕರ ಮೊಣಕೈಯ ಹಾಗೆ ಕಾಣುತ್ತದೆ, ಕ್ಯಾಮೆರಾಕ್ಕೆ ಅದು ಆಗುವುದಿಲ್ಲ. ಹೊರಮೈ ಬಿಗಿದು ಇನ್ನೇನು ಕೆಂಪಗಾಗಬೇಕು ಎನ್ನುವಾಗ ಬಾಣಲೆಯಿಂದ ಎತ್ತಿಬಿಡಬೇಕು. ಆಗ ಒಳಗೆಲ್ಲ ಹಸಿ, ಆದರೆ ಮೇಲೆ ನೋಡಿದರೆ ತುಂಬಿಕೊಂಡು ದುಂಡಗೆ ಇರುತ್ತದೆ. ಮಿಕ್ಕದ್ದು ಬ್ರಷ್ಷಿನ ಕೆಲಸ: ಸುಟ್ಟ ಸಕ್ಕರೆಯ ಬಣ್ಣ, ಎಣ್ಣೆಯ ಹೊಳಪು, ಗ್ಯಾಸಿನ ಉರಿ ತಾಗಿಸಿ ಅಲ್ಲೊಂದು ಇಲ್ಲೊಂದು ಕರಿ ಗೆರೆ. ಹಬೆ ಏಳಬೇಕೆಂದರೆ ತಟ್ಟೆಯ ಹಿಂದೆ ಬಿಸಿನೀರಿನಲ್ಲಿ ಅದ್ದಿದ ಹತ್ತಿಯ ಉಂಡೆ. ಕೆಲಸ ಮುಗಿದ ಮೇಲೆ ಎಲ್ಲವನ್ನೂ ಕಪ್ಪು ಚೀಲಕ್ಕೆ ಸುರಿದು ಬಾಯಿ ಕಟ್ಟುವುದೂ ಅವನೇ. ವರ್ಷಗಟ್ಟಲೆ ಮಾಡಿ ಮಾಡಿ ಆ ಎತ್ತುವ ಹದ ಅವನ ಮಣಿಕಟ್ಟಿಗೆ ಇಳಿದುಬಿಟ್ಟಿತ್ತು. ತಲೆ ಎಲ್ಲೋ ಇದ್ದರೂ ಕೈ ತನ್ನಷ್ಟಕ್ಕೆ ಎತ್ತುತ್ತಿತ್ತು.

ಅತ್ತೆ ನಿನ್ನೆಯಷ್ಟೇ ಊರಿಗೆ ಹೊರಟುಹೋಗಿದ್ದರು. ಆಸ್ಪತ್ರೆಯ ದಿನಗಳಿಂದ ನಿನ್ನೆಯವರೆಗೆ ಅಡುಗೆಮನೆ ಅವರ ಕೈಯಲ್ಲಿತ್ತು. ಇವನು ಒಂದು ಈರುಳ್ಳಿ ಹೆಚ್ಚಲು ಹೋದರೂ ‘ನೀವು ದಿನಾ ಅದೇ ಕೆಲಸ ಮಾಡಿ ದಣಿದಿರ್ತೀರಿ, ಆಚೆ ಹೋಗಿ ಕೂತ್ಕೊಳ್ಳಿ ಅಳಿಯಂದಿರೇ’ ಎನ್ನುತ್ತಿದ್ದರು. ಮಾತು ಪ್ರೀತಿಯದೇ. ಆದರೆ ಹೇಳುವಾಗ ಅವರ ದೇಹ ಒಲೆಗೂ ಇವನಿಗೂ ನಡುವೆ ಬಂದು ನಿಲ್ಲುತ್ತಿತ್ತು. ಮಗಳು ತಾಯಿಗೆ ಏನಾದರೂ ಹೇಳಿರಬಹುದೇ ಎಂದು ಇವನು ಹಾಲಿನಲ್ಲಿ ಕೂತು ಗೋಡೆಯ ಆಚೆಯ ಪಿಸುಮಾತಿಗೆ ಕಿವಿ ಚಾಚುತ್ತಿದ್ದ. ಅಲ್ಲಿ ಕೇಳುತ್ತಿದ್ದದ್ದು ಸೊಪ್ಪಿನ ಬೆಲೆ, ಪಕ್ಕದ ಮನೆಯವಳ ಮಂಡಿನೋವು, ಅಷ್ಟೆ. ಅತ್ತೆ ಇಲ್ಲದ ಹೊತ್ತಿನಲ್ಲಿ ಇವನು ಏನಾದರೂ ಮಾಡಿಟ್ಟರೆ ಅವಳು ಹಸಿವಿಲ್ಲ ಎನ್ನುತ್ತಿದ್ದಳು, ಅಂಗಡಿಯಲ್ಲೇ ತಿಂದೆ ಎನ್ನುತ್ತಿದ್ದಳು, ತಾನೇ ಎದ್ದು ಮೊಟ್ಟೆ ಬೇಯಿಸಿಕೊಳ್ಳುತ್ತಿದ್ದಳು. ಒಂದು ಬೆಳಿಗ್ಗೆ ಇವನು ಮಾಡಿಕೊಟ್ಟ ಟೀ ಅವಳ ಕೈಯಲ್ಲೇ ಆರಿ, ಕೆನೆ ಕಟ್ಟಿ, ಕೊನೆಗೆ ಸಿಂಕಿಗೆ ಹೋಯಿತು. ‘ಮರೆತೇಬಿಟ್ಟೆ ನೋಡು,’ ಎಂದಳು. ಮುಖದಲ್ಲಿ ಕೋಪವಿರಲಿಲ್ಲ. ಕೋಪ ಇದ್ದಿದ್ದರೆ ಚೆನ್ನಾಗಿತ್ತು ಎಂದು ಅವನಿಗೆ ಆಗಲೂ ಅನ್ನಿಸಿತ್ತು, ಈಗಲೂ ಅನ್ನಿಸಿತು.

ತಲೆನೋವೆಂದು ಹೇಳಿ ಸ್ಟುಡಿಯೋದಿಂದ ಬೇಗ ಹೊರಟ. ಕೋಳಿ ಅಂಗಡಿಯವನು ಇವನನ್ನು ಕಂಡವನೇ ಅಭ್ಯಾಸದಂತೆ ‘ಮನೆಗೋ ಫೋಟೋಗೋ?’ ಎಂದು ಕೇಳಿದ. ಅವನು ಪ್ರತಿ ಸಲ ಕೇಳುವ ಪ್ರಶ್ನೆಯೇ. ಫೋಟೋಗಾದರೆ ಚರ್ಮದಲ್ಲಿ ಒಂದು ಗೀರೂ ಇಲ್ಲದ್ದು, ಎರಡು ಕಡೆಯೂ ಒಂದೇ ಸಮ ಉಬ್ಬಿದ್ದು ಹುಡುಕಿ ಕೊಡಬೇಕು, ಮನೆಗಾದರೆ ಯಾವುದಾದರೂ ಆದೀತು. ‘ಮನೆಗೆ,’ ಎಂದ ಇವನು. ‘ಅಪರೂಪ ಬಿಡಿ. ಮನೆಯವರು ಹುಷಾರಾದ್ರಾ?’ ಎಂದು ಅವನು ಕತ್ತಿ ಒರೆಸಿಕೊಂಡ. ಹುಷಾರಾದ್ರು ಎಂದು ಇವನು ತಲೆಯಾಡಿಸಿ, ಎಲುಬಿಲ್ಲದ ಎದೆಭಾಗ ಬೇಕು, ತೆಳ್ಳಗೆ ಹಾಳೆಹಾಳೆಯಾಗಿ ಕೊಯ್ದು ಕೊಡಿ ಎಂದ. ‘ಇನ್ನೂ ತೆಳ್ಳಗೆ,’ ಎಂದ ಒಂದನ್ನು ಕೊಯ್ದು ತೋರಿಸಿದ ಮೇಲೆ. ಅಂಗಡಿಯವನು ಕತ್ತಿಯನ್ನು ಗಾಳಿಯಲ್ಲೇ ಹಿಡಿದು, ‘ಇನ್ನೂ ತೆಳ್ಳಗೆ ಮಾಡಿದ್ರೆ ಒಣಗಿ ಚಕ್ಕೆ ಆಗುತ್ತೆ ಸಾರ್. ನಿಮಗೆ ನಾನು ಹೇಳ್ಕೊಡಬೇಕಾ,’ ಎಂದ. ‘ಆಗ್ಲಿ,’ ಎಂದ ಇವನು. ಪಕ್ಕದಲ್ಲಿ ನಿಂತಿದ್ದ ಹೆಂಗಸು ಇವನ ಕಡೆಗೊಮ್ಮೆ, ಹಲಗೆಯ ಮೇಲಿದ್ದ ಮಾಂಸದ ಕಡೆಗೊಮ್ಮೆ ನೋಡಿದಳು. ಆ ನೋಟದಲ್ಲಿ ಏನೂ ಇರಲಿಲ್ಲ, ಅವಳ ಸರದಿ ತಡವಾಗುತ್ತಿತ್ತು, ಅಷ್ಟೆ. ಆದರೂ ಇವನಿಗೆ ಕಿವಿ ಬಿಸಿಯಾಯಿತು.

ಮನೆಗೆ ಬಂದವನು ದೀಪ ಹಾಕಿ, ಕೈ ತೊಳೆದ. ಮತ್ತೆ ತೊಳೆದ. ಒಲೆಯ ಮೇಲಿನ ಕಪಾಟಿನಲ್ಲಿ ಒಳಗೊಳಗೆ ತಳ್ಳಿಟ್ಟಿದ್ದ ಬೀಡುಕಬ್ಬಿಣದ ಬಾಣಲೆಯನ್ನು ಎರಡೂ ಕೈಯಿಂದ ಇಳಿಸಿದ. ಅತ್ತೆ ಅದನ್ನು ಒಂದು ದಿನವೂ ಬಳಸಿರಲಿಲ್ಲ, ಭಾರ ಎನ್ನುತ್ತಿದ್ದರು. ಚಪ್ಪಟೆ ತಳ, ಗಿಡ್ಡ ಅಂಚು, ಉದ್ದ ಹಿಡಿ. ಬಾಣಲೆ ಕಂಪನಿಯ ಜಾಹೀರಾತು ಮುಗಿದ ದಿನ ಆ ಕಂಪನಿಯ ಮ್ಯಾನೇಜರ್ ಅದನ್ನು ಅವನಿಗೇ ಕೊಟ್ಟುಬಿಟ್ಟಿದ್ದ. ಸಮಾಧಾನಕ್ಕೆಂದು ಕೊಟ್ಟದ್ದು. ಆ ದಿನ ತೆಗೆದದ್ದೂ ಇದೇ ಅಡುಗೆ: ಕೆಲಸ ಮುಗಿಸಿ ಬಂದವರು ಚಿಟಿಕೆ ಹೊಡೆಯುವಷ್ಟರಲ್ಲಿ ಮಾಡಿಕೊಳ್ಳಬಹುದಾದ ಇಟಾಲಿಯನ್ ಚಿಕನ್, ಒಂದೇ ಬಾಣಲೆ ಸಾಕು, ಎಂಬ ಮಾತಿನ ಕೆಳಗೆ ಹಾಕಲು. ಬೆಳಗಿನಿಂದ ಬಣ್ಣ ಬಳಿದು ಬಳಿದು, ಟೊಮೆಟೊವಿಗೆ ಹೊಳಪು ಹಚ್ಚಿ, ಬೇಸಿಲ್ ಎಲೆಯನ್ನು ಚಿಮಟದಿಂದ ಕೂರಿಸಿ, ಎಲ್ಲ ಮುಗಿದು ಚೀಲ ತರಲು ಹೋಗಿದ್ದ. ತಿರುಗಿ ಬರುವಷ್ಟರಲ್ಲಿ ಮ್ಯಾನೇಜರ್ ಮಧ್ಯದ ದುಂಡನೆಯ ತುಂಡನ್ನು ಎತ್ತಿ ಬಾಯಿಗೆ ಹಾಕಿಕೊಂಡಿದ್ದ. ಬೇಡ ಎನ್ನಲು ಇವನು ಬಾಯಿ ತೆರೆದ. ಮಾತು ಹೊರಡುವ ಮೊದಲೇ ಅವನು ಕಾಗದದ ಕರವಸ್ತ್ರಕ್ಕೆ ಉಗಿದು, ಉಗಿದದ್ದನ್ನು ಬಿಡಿಸಿ ನೋಡಿ, ಎಲ್ಲರಿಗೂ ಕಾಣುವಂತೆ ಹಿಡಿದು, ‘ಇದನ್ನ ಅಡುಗೆ ಅಂತಾರೇನ್ರೀ? ನಿಮ್ಮ ಮನೇಲೂ ಹಿಂಗೇನಾ? ಪಾಪ ನಿಮ್ಮ ಹೆಂಡತಿ,’ ಎಂದ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಇದು ತಿನ್ನೋದಕ್ಕೆ ಮಾಡಿದ್ದಲ್ಲ ಸಾರ್ ಎಂದು ಹೇಳಬಹುದಿತ್ತು. ಅದು ಎಲ್ಲರಿಗೂ ಗೊತ್ತಿದ್ದದ್ದೇ, ಮ್ಯಾನೇಜರನಿಗೂ ಗೊತ್ತಿದ್ದದ್ದೇ. ಇವನೂ ನಕ್ಕ, ಎಲ್ಲರಿಗಿಂತ ಹೆಚ್ಚು ಹೊತ್ತು ನಕ್ಕ. ನಗು ನಿಲ್ಲಿಸಿದರೆ ಮುಖದ ಮೇಲೆ ಏನು ಬರುತ್ತದೋ ಎಂದು ಹೆದರಿ ನಕ್ಕ.

ಮಾಂಸದ ಹಾಳೆಗಳಿಗೆ ಉಪ್ಪು, ಕುಟ್ಟಿದ ಮೆಣಸು, ಒಣಗಿದ ಒರೆಗಾನೋ ಎಲೆಯ ಪುಡಿ ಸವರಿ ತಟ್ಟೆಯಲ್ಲಿ ಹರಡಿದ. ಬೆಳ್ಳುಳ್ಳಿ ಜಜ್ಜಿದ. ಬಾಣಲೆ ಕಾಯುತ್ತಿತ್ತು. ಜಾಹೀರಾತು ಮುಗಿದ ಆ ಸಂಜೆ ಅವಳು ಈ ಕಟ್ಟೆಯ ಪಕ್ಕದಲ್ಲೇ ಸ್ಟೂಲಿನ ಮೇಲೆ ಕೂತು, ಕಾಲು ಇನ್ನೊಂದು ಸ್ಟೂಲಿನ ಮೇಲೆ ಚಾಚಿ, ಅವನ ಫೋನಿನಲ್ಲಿ ಅವತ್ತಿನ ಫೋಟೋ ನೋಡಿ, ‘ನಂಗೆ ಇದೇ ಬೇಕು, ಈಗಲೇ ಬೇಕು,’ ಎಂದಿದ್ದಳು. ಅವಳಿಗೆ ಆಗ ಐದು ತಿಂಗಳು ತುಂಬಿ ಆರಕ್ಕೆ ಬಿದ್ದಿತ್ತು. ಬಯಕೆ ಎಂದರೆ ಅವಳಿಗೆ ಹೊತ್ತುಗೊತ್ತು ಇರಲಿಲ್ಲ. ಹಿಂದಿನ ವಾರ ಸೀಮೆಸುಣ್ಣದ ವಾಸನೆ ಬೇಕೆನ್ನಿಸಿ ಅದಕ್ಕೆಂದೇ ಶಾಲೆಯೊಂದರ ಮುಂದೆ ಹಾದು ಬಂದಿದ್ದಳು. ಅಂಗಡಿಯಿಂದ ಒಂದು ಪುಟಾಣಿ ಕನ್ನಡಕದ ಫ್ರೇಮನ್ನು ತಂದು ಉಪ್ಪಿನ ಭರಣಿಯ ಪಕ್ಕ ಇಟ್ಟಿದ್ದಳು. ‘ನಿನ್ನ ಕಣ್ಣೇನಾದ್ರೂ ಬಂದ್ರೆ ಹುಟ್ತಾನೇ ಬೇಕಾಗುತ್ತೆ,’ ಎನ್ನುತ್ತಿದ್ದಳು. ಆ ಫ್ರೇಮು ಈಗ ಅಲ್ಲಿಲ್ಲ. ಯಾರು ತೆಗೆದರೆಂದು ಅವನು ಕೇಳಿಲ್ಲ.

ಅವಳಿಗೆ ಬಯಕೆ, ಅವನಿಗೆ ಅದಕ್ಕಿಂತ ಹೆಚ್ಚಿನ ಬಯಕೆ. ಯಾರಾದರೂ ತನ್ನ ಕೈಯ ಅಡುಗೆಯನ್ನು ಬಾಯಿಗಿಟ್ಟು, ಅಗಿದು, ನುಂಗಿ, ಚೆನ್ನಾಗಿದೆ ಎನ್ನಬೇಕಿತ್ತು. ಅದೂ ಅವತ್ತೇ ಅನ್ನಬೇಕಿತ್ತು. ಅವತ್ತು ಮಾಂಸವನ್ನು ತೆಳ್ಳಗೆ ಕೊಯ್ದಿರಲಿಲ್ಲ, ಸ್ಟುಡಿಯೋಕ್ಕೆ ತರಿಸಿ ಬಳಸದೆ ಮಂಜುಗಡ್ಡೆಯಲ್ಲಿಟ್ಟಿದ್ದ ದುಂಡು ದುಂಡಾದ ತುಂಡುಗಳನ್ನೇ ತಂದಿದ್ದ. ಎಣ್ಣೆ ಕಾದು ಮಾಂಸ ಚುಂಯ್ ಎಂದಾಗ ಅವನ ತಲೆಯೊಳಗೆ ಮ್ಯಾನೇಜರ್ ಕಾಗದ ಬಿಡಿಸಿ ಹಿಡಿದಿದ್ದ. ನಿಮ್ಮ ಮನೇಲೂ ಹಿಂಗೇನಾ. ಅದಕ್ಕೆ ಕೊಡಬೇಕಿದ್ದ ಉತ್ತರಗಳನ್ನು, ಬಾಯಿಗೆ ಬಾರದೆ ಹೋದ ಒಳ್ಳೊಳ್ಳೆಯ ಉತ್ತರಗಳನ್ನು ಅವನು ಒಂದೊಂದಾಗಿ ಜೋಡಿಸುತ್ತಿದ್ದಾಗ ಕೈ ತನ್ನ ಪಾಡಿಗೆ ತಾನು ತುಂಡುಗಳನ್ನು ಮಗುಚಿತು, ಹದ ನೋಡಿತು, ಎತ್ತಿತು. ಅದು ಕ್ಯಾಮೆರಾದ ಹದ. ಅದೇ ಬಾಣಲೆಗೆ ಬೆಳ್ಳುಳ್ಳಿ, ಟೊಮೆಟೊ ಬಿದ್ದು, ರಸ ಸ್ವಲ್ಪ ಗಟ್ಟಿಯಾದ ಮೇಲೆ ತುಂಡುಗಳನ್ನು ಮೇಲೆ ಕೂರಿಸಿ, ಚೀಸ್ ತುರಿದು, ಕರಗುತ್ತಿದ್ದ ಹಾಗೆ ಇಳಿಸಿದ. ತೆಳುವಾದ ಅಂಚಿನ ತುಂಡನ್ನು ತನಗಿಟ್ಟುಕೊಂಡು ಮಧ್ಯದ ದೊಡ್ಡ ತುಂಡನ್ನು ಅವಳಿಗೆ ಬಡಿಸಿದ. ಪ್ರೀತಿಯಿಂದಲೇ ಬಡಿಸಿದ್ದು. ಈಗ ಎಷ್ಟು ಸಲ ತಿರುಗಿಸಿ ನೋಡಿದರೂ ಅದರಲ್ಲಿ ಪ್ರೀತಿ ಅಲ್ಲದ್ದು ಏನೂ ಕಾಣುವುದಿಲ್ಲ, ಅದೇ ಅವನಿಗೆ ಭಯ.

ಅವಳು ತಿನ್ನುವಾಗ ಅವನು ಕೂರಲಿಲ್ಲ, ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು ನೋಡುತ್ತಿದ್ದ. ಮೊದಲು ಕೊಯ್ದಾಗ ಅವಳು ಒಂದು ಗಳಿಗೆ ತಡೆದಳೇ? ತಡೆದಿರಬಹುದು. ಬಿಸಿ ಇತ್ತು. ‘ಹೇಗಿದೆ?’ ಎಂದು ಕೇಳಿದ. ‘ಚೆನ್ನಾಗಿದೆ,’ ಎಂದಳು. ‘ನಿಜ ಹೇಳು,’ ಎಂದ. ‘ನಿಜ ಕಣೋ, ತುಂಬಾ ಚೆನ್ನಾಗಿದೆ,’ ಎಂದಳು. ಅವನು ಹಾಗೇ ಬಾಗಿಲಲ್ಲಿ ನಿಂತು ಅವಳು ಒಂದೊಂದೇ ತುತ್ತು ನುಂಗುವುದನ್ನು ನೋಡಿದ, ಮ್ಯಾನೇಜರ್ ಮುಖಕ್ಕೆ ಹೊಡೆದಂತೆ ಆಯಿತೆಂದು ಒಳಗೊಳಗೆ ಹಿಗ್ಗಿದ. ಆಮೇಲೆ ಅವಳ ತಟ್ಟೆ ತೊಳೆಯಲು ತೆಗೆದುಕೊಂಡಾಗ ಅಂಚಿನಲ್ಲಿ ಬೆರಳುದ್ದದ ಒಂದು ಚೂರು ಉಳಿದಿತ್ತು. ಟೊಮೆಟೊ ರಸ ಒರೆಸಿ ನೋಡಿದ. ಗುಲಾಬಿ ಬಣ್ಣ. ಬೆರಳಿನಿಂದ ಒತ್ತಿದರೆ ಮೆತ್ತಗೆ, ತಣ್ಣಗೆ. ಅವನು ಅದನ್ನು ಕಸದ ಬುಟ್ಟಿಗೆ ಹಾಕಿ ಮೇಲೆ ಈರುಳ್ಳಿ ಸಿಪ್ಪೆ ಮುಚ್ಚಿದ. ಆಗಲೇ ಹೊರಗೆ ಹೋಗಿ ಹೇಳಬಹುದಿತ್ತು. ಹಾಲಿನಿಂದ ಅವಳು ಯಾವುದೋ ಹಾಡು ಗುನುಗುತ್ತಿದ್ದದ್ದು ಕೇಳಿಸುತ್ತಿತ್ತು, ಏನೂ ಆಗುವುದಿಲ್ಲ ಎಂದುಕೊಂಡು ನಲ್ಲಿ ಬಿಟ್ಟ.

ಆ ವಾರದ ಕೊನೆಗೆ ಜ್ವರ ಬಂತು, ಹೊಟ್ಟೆ ಕೆಟ್ಟಿತು, ಆಮೇಲೆ ನಡುನೋವು. ಆಮೇಲೆ ಆಸ್ಪತ್ರೆ. ಹೊಟ್ಟೆಯಲ್ಲಿದ್ದದ್ದು ಉಳಿಯಲಿಲ್ಲ. ಹಸಿರು ಪರದೆಯ ಈಚೆಗೆ ಅವಳ ಚಪ್ಪಲಿಗಳನ್ನು ಎದೆಗವಚಿಕೊಂಡು ನಿಂತಿದ್ದ ಅವನಿಗೆ ಒಳಗಿನ ಮಾತೆಲ್ಲ ಕೇಳುತ್ತಿತ್ತು. ಡಾಕ್ಟರಮ್ಮ ಮೆಲ್ಲಗೆ ಕೇಳುತ್ತಿದ್ದರು: ‘ಹೊರಗಡೆ ಏನಾದ್ರೂ ತಿಂದಿದ್ರಾ? ಕಾಯಿಸದ ಹಾಲು, ಸರಿಯಾಗಿ ಬೇಯದ ಮಾಂಸ, ಅಂಥದ್ದೇನಾದ್ರೂ?’ ‘ಇಲ್ಲ ಡಾಕ್ಟ್ರೇ. ಮನೇಲೇ ತಿನ್ನೋದು. ಇವರೇ ಮಾಡ್ತಾರೆ, ಚೆನ್ನಾಗಿ ಮಾಡ್ತಾರೆ,’ ಎಂದಳು ಅವಳು. ಪರದೆ ಸರಿಸಿ ಒಳಗೆ ಹೋಗಿ ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ಹೇಳಿದ್ದರೂ ಹೋದದ್ದು ಬರುತ್ತಿರಲಿಲ್ಲ ಎಂದು ಆಗಲೇ ತನಗೆ ತಾನೇ ವಕೀಲನಾದ. ‘ನೂರು ಕಾರಣ ಇರುತ್ತಮ್ಮ, ಇದೇ ಅಂತ ಹೇಳಕ್ಕಾಗಲ್ಲ. ನೀವು ತಲೆಗೆ ಹಚ್ಕೋಬೇಡಿ, ನಿಮ್ಮ ತಪ್ಪೇನೂ ಇಲ್ಲ,’ ಎಂದರು ಡಾಕ್ಟರಮ್ಮ. ಅವಳು ಆಗ ಅತ್ತಳು. ಅಲ್ಲಿಯವರೆಗೆ ಅತ್ತಿರಲಿಲ್ಲ. ಆ ನೂರು ಕಾರಣಗಳ ಹಿಂದೆ ಅವನು ಅವತ್ತಿನಿಂದ ಅವಿತು ಕೂತಿದ್ದ. ತೊಂಬತ್ತೊಂಬತ್ತು ಯಾವುವೋ ಅವನಿಗೆ ಗೊತ್ತಿರಲಿಲ್ಲ, ಉಳಿದ ಒಂದು ಗೊತ್ತಿತ್ತು.

ಬಾಣಲೆಯಿಂದ ಹೊಗೆ ಏಳುತ್ತಿತ್ತು. ಬೇಗಬೇಗ ಎಣ್ಣೆ ಸುರಿದು ಮಾಂಸದ ಹಾಳೆಗಳನ್ನು ಇಳಿಬಿಟ್ಟ. ಹಬೆಗೆ ಕನ್ನಡಕ ಮಂಜಾಯಿತು. ತೆಗೆದು ಒರೆಸಿ ಮತ್ತೆ ಹಾಕಿಕೊಂಡ. ಒಂದು ಬದಿ ಕೆಂಪಾಯಿತು, ಮಗುಚಿದ. ಇನ್ನೊಂದು ಬದಿಯೂ ಹದಕ್ಕೆ ಬಂತು ಎನ್ನುವಾಗ ಬಲಗೈ ತನ್ನಷ್ಟಕ್ಕೆ ಚಿಮಟಕ್ಕೆ ಹೋಯಿತು. ಅವನು ನಿಜವಾಗಿಯೂ ಎಡಗೈಯಿಂದ ಬಲಗೈ ಮಣಿಕಟ್ಟನ್ನು ಹಿಡಿದುಕೊಂಡ. ಯಾರಾದರೂ ನೋಡಿದ್ದರೆ ಹುಚ್ಚು ಹಿಡಿದಿದೆ ಎನ್ನುತ್ತಿದ್ದರು. ಇನ್ನೂ ಸ್ವಲ್ಪ. ಇನ್ನೂ ಸ್ವಲ್ಪ. ಅಂಚುಗಳು ಮುದುರಿ ಮೇಲೆದ್ದವು. ಒಂದನ್ನು ಹಲಗೆಗೆ ತೆಗೆದು ಮಧ್ಯಕ್ಕೆ ಕೊಯ್ದ. ಬೆಳ್ಳಗಿತ್ತು. ಕಿಟಕಿಯ ಬೆಳಕಿಗೆ ಹಿಡಿದು ನೋಡಿದ, ದೀಪದ ಕೆಳಗೆ ನೋಡಿದ, ಬೆಳ್ಳಗೇ ಇತ್ತು. ದೀಪವೇ ಸರಿಯಿಲ್ಲವೇನೋ ಎನ್ನಿಸಿ ಆ ತುಂಡನ್ನೂ ಮತ್ತೆ ಬಾಣಲೆಗೆ ಹಾಕಿದ. ಜಜ್ಜಿದ ಬೆಳ್ಳುಳ್ಳಿ ಹಾಕಿ, ಟೊಮೆಟೊ ಹೆಚ್ಚಿ ಹಾಕಿದ. ಮುಚ್ಚಳ ಮುಚ್ಚಿದ. ರಸ ಇಂಗಿ ತಳ ಹಿಡಿಯುವ ವಾಸನೆ ಬಂದಾಗ ನೀರು ಚಿಮುಕಿಸಿ ಇನ್ನೊಮ್ಮೆ ಮುಚ್ಚಿದ. ಹೋಟೆಲಿನಲ್ಲಿ ಅವನಿಗೆ ಕೆಲಸ ಕಲಿಸಿದ ಹಿರಿಯ ಅಡುಗೆಯವರು ಇದನ್ನು ಕಂಡಿದ್ದರೆ ಸೌಟಿನಿಂದಲೇ ಬಾರಿಸುತ್ತಿದ್ದರು. ಚೀಸ್ ತುರಿಯುವಾಗ ಬೀಗದಲ್ಲಿ ಕೀ ತಿರುಗಿದ ಸದ್ದು ಕೇಳಿಸಿತು.

ಅವಳು ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಚೀಲವನ್ನು ಕುರ್ಚಿಗೆ ತಗುಲಿಸಿ, ‘ಘಮ್ ಅಂತಿದೆ,’ ಎಂದಳು. ಹಾಗೆ ಅವಳು ಎಷ್ಟೋ ಕಾಲದಿಂದ ಅಂದಿರಲಿಲ್ಲ. ‘ತಳ ಹಿಡೀತು ಸ್ವಲ್ಪ,’ ಎಂದ ಅವನು. ‘ಇವತ್ತು ಒಬ್ಬರು ಅಜ್ಜ ಬಂದಿದ್ರು. ನನ್ನ ಹೆಂಡತಿ ಮುಖ ಚೆನ್ನಾಗಿ ಕಾಣೋ ಕನ್ನಡಕ ಬೇಡಮ್ಮ, ಪೇಪರು ಕಂಡ್ರೆ ಸಾಕು ಅಂದ್ರು. ಅಜ್ಜಿ ಪಕ್ಕದಲ್ಲೇ ಕೂತಿದ್ರು,’ ಎಂದು ಅವಳು ಕೈ ತೊಳೆಯುತ್ತ ಹೇಳಿದಳು. ಅವನು ನಕ್ಕ. ನಗು ಸರಿಯಾಗಿ ಬಂತೋ ಇಲ್ಲವೋ ಎಂದು ನಕ್ಕ ಮೇಲೆ ಯೋಚಿಸಿದ. ‘ಅಮ್ಮ ಫೋನ್ ಮಾಡಿದ್ಲು, ತಲುಪಿದ್ಲಂತೆ. ಅಳಿಯಂದಿರಿಗೆ ಕೊನೆಗೂ ಅಡುಗೆಮನೆ ವಾಪಸ್ ಕೊಟ್ಟೆ ಅಂತ ಹೇಳು ಅಂದ್ಲು.’ ಅವನು ತಟ್ಟೆಗಳನ್ನು ತೆಗೆದ.

ಚಿಮಟದಿಂದ ಎತ್ತಿ ಬಡಿಸಿದ. ಎಲ್ಲ ಹಾಳೆಗಳೂ ಒಂದೇ ಸಮ ತೆಳುವಾಗಿದ್ದರಿಂದ ಮಧ್ಯದ ತುಂಡು, ಅಂಚಿನ ತುಂಡು ಎಂದು ಆರಿಸಬೇಕಾಗಿರಲಿಲ್ಲ, ಅಷ್ಟು ಸಮಾಧಾನ. ಅವಳ ತಟ್ಟೆ ಇಟ್ಟು, ತನ್ನದನ್ನು ಇಟ್ಟುಕೊಂಡು, ಅವತ್ತಿನಂತೆ ಬಾಗಿಲಿಗೆ ಹೋಗದೆ ಎದುರಿಗೆ ಕೂತ. ಅವಳು ಚಾಕು ಹಿಡಿದು ತುಂಡಿನ ನಡುವಿಗೆ ಇಟ್ಟಳು. ಒಮ್ಮೆಗೆ ಇಳಿಯಲಿಲ್ಲ, ಗರಗಸದ ಹಾಗೆ ಎಳೆದು ಕೊಯ್ದಳು. ಕೊಯ್ದ ಮುಖವನ್ನು ಫೋರ್ಕಿನಿಂದ ಎತ್ತಿ ತನ್ನ ಕಡೆ ತಿರುಗಿಸಿ, ಗಾಜಿನಲ್ಲಿ ಗೀರು ಹುಡುಕುವವಳ ಹಾಗೆ ದೀಪಕ್ಕೆ ಹಿಡಿದು ನೋಡಿದಳು.

‘ಬೆಂದಿದೆ,’ ಎಂದಳು.

‘ಹೂಂ. ಚೆನ್ನಾಗಿ ಬೇಯಿಸಿದೀನಿ.’

‘ಅವತ್ತು ಬೆಂದಿರಲಿಲ್ಲ.’

ಇಷ್ಟು ದಿನ ಬಂದೀತು ಬಂದೀತು ಎಂದು ಹೆದರುತ್ತ ಕಾದಿದ್ದ ಮಾತು ಇಷ್ಟು ಸಲೀಸಾಗಿ ಮೇಜಿನ ಮೇಲೆ ಬಂದು ಕೂತಾಗ ಅವನಿಗೆ ಮೊದಲು ಆದದ್ದು ಒಂದು ಬಗೆಯ ಬಿಡುಗಡೆ. ಈಗ ಬೈಯಲಿ, ತಟ್ಟೆ ಎಸೆಯಲಿ, ಕಾಲು ಹಿಡಿಯುತ್ತೇನೆ ಎಂದುಕೊಂಡ. ‘ಅವತ್ತು ಸ್ಟುಡಿಯೋದಲ್ಲಿ... ಕೈ ಅದೇ ಹದಕ್ಕೆ... ನಾನು ಆಮೇಲೆ ನಿನ್ನ ತಟ್ಟೇಲಿ ನೋಡ್ದೆ. ನೋಡಿಯೂ ಹೇಳಲಿಲ್ಲ,’ ಎಂದ.

‘ನಂಗೆ ಗೊತ್ತಿತ್ತು,’ ಎಂದಳು ಅವಳು.

‘ಯಾವಾಗ? ಆಸ್ಪತ್ರೇಲಾ?’

‘ತಟ್ಟೇಲಿ. ಕೊಯ್ದ ಕೂಡಲೇ ಕಾಣಿಸ್ತು.’ ಅವಳು ಫೋರ್ಕನ್ನು ಕೆಳಗಿಟ್ಟು, ಗದ್ದ ಎತ್ತಿ ಬಾಗಿಲಿನ ಕಡೆ ತೋರಿಸಿದಳು. ಅಲ್ಲಿ ಯಾರೂ ಇರಲಿಲ್ಲ. ಆದರೂ ಇಬ್ಬರೂ ನೋಡಿದರು. ‘ನೀನು ಅಲ್ಲಿ ನಿಂತಿದ್ದೆ. ಒಂದು ಥರ ಮುಖ ಮಾಡ್ಕೊಂಡು ನಿಂತಿದ್ದೆ. ಏನೋ ಆಗಿದೆ ಇವತ್ತು ನಿಂಗೆ ಅಂತ ಗೊತ್ತಾಯ್ತು. ಬೆಂದಿಲ್ಲ ಅಂದ್ರೆ ಅತ್ತೇಬಿಡ್ತೀಯ ಅನ್ನಿಸ್ತು. ಒಂದು ತುಂಡಲ್ವಾ, ಏನಾಗುತ್ತೆ ಅಂದ್ಕೊಂಡು ಟೊಮೆಟೊ ಜಾಸ್ತಿ ಸೇರಿಸ್ಕೊಂಡು ನುಂಗಿದೆ. ಕೊನೇ ಚೂರು ಮಾತ್ರ ಆಗಲಿಲ್ಲ.’

ನಿನ್ನ ತಪ್ಪೇನೂ ಇಲ್ಲ ಎಂಬ ಮಾತು ಅವನ ನಾಲಿಗೆಯ ತುದಿಗೆ ಬಂತು. ಅದೇ ಮಾತನ್ನು ಡಾಕ್ಟರಮ್ಮ ಹೇಳಿದಾಗ ಅವಳು ಅತ್ತದ್ದು ನೆನಪಾಗಿ ಅಲ್ಲೇ ನಿಂತಿತು. ಪರದೆಯ ಆಚೆ ಅವಳು ತನ್ನನ್ನು ಕಾಪಾಡುತ್ತಿದ್ದಾಳೆ ಎಂಬುದು ತಿಳಿಯದೆ ಈಚೆ ತಾನು ಚಪ್ಪಲಿ ಅವಚಿಕೊಂಡು ನಿಂತಿದ್ದ. ತನ್ನನ್ನು ಅಳೆಯುತ್ತಿದ್ದಾಳೆ, ತೂಗುತ್ತಿದ್ದಾಳೆ ಎಂದು ತಾನು ಹೆದರಿಕೊಂಡಿದ್ದ ರಾತ್ರಿಗಳಲ್ಲೆಲ್ಲ ಅವಳು ಗೋಡೆಗೆ ಮುಖ ಮಾಡಿ ಮಲಗಿ, ನುಂಗಿದ ತನ್ನದೇ ಗಂಟಲನ್ನು ಶಪಿಸುತ್ತಿದ್ದಳು. ‘ಅದಕ್ಕೇ ನಾನು ಮಾಡಿದ್ದನ್ನ ತಿಂತಿರಲಿಲ್ವಾ?’ ಎಂದು ಕೇಳಿದ. ಕೇಳಿದ ಮೇಲೆ ನಾಚಿಕೆಯಾಯಿತು. ಇಂಥ ಹೊತ್ತಿನಲ್ಲೂ ತನ್ನ ಅಡುಗೆಯದೇ ಮಾತು.

‘ನಿನ್ನ ಅಡುಗೆಗೆ ಹೆದರಿಕೊಂಡಿರಲಿಲ್ಲ,’ ಎಂದಳು. ‘ತಟ್ಟೆ ಇಟ್ಟು ನನ್ನ ಮುಖಾನೇ ನೋಡ್ತಾ ನಿಂತ್ಕೋತೀಯಲ್ಲ. ಮತ್ತೆ ಹಂಗೇ ನುಂಗಿಬಿಡ್ತೀನಿ ಅಂತ ಭಯ ನಂಗೆ. ವಿಷ ಕೊಟ್ರೂ ಚೆನ್ನಾಗಿದೆ ಅಂದುಬಿಡ್ತೀನಿ ಅಂತ.’

ಅವಳು ಕೊಯ್ದ ತುಂಡನ್ನು ಬಾಯಿಗಿಟ್ಟುಕೊಂಡಳು. ಅವನು ತಡೆಯಲೂ ಇಲ್ಲ, ಕಣ್ಣು ಬೇರೆ ಕಡೆ ತಿರುಗಿಸಲೂ ಇಲ್ಲ. ಅವಳು ಅಗಿದಳು. ಬಹಳ ಹೊತ್ತು ಅಗಿದಳು. ಕೆನ್ನೆಯ ಮೂಳೆ ಮೇಲಕ್ಕೆ ಕೆಳಕ್ಕೆ ಆಡುತ್ತಿತ್ತು. ಹಾಗೆ ಅಗಿಯುತ್ತ ಅವನ ಮುಖವನ್ನೇ ನೋಡುತ್ತಿದ್ದಳು, ಅಂಗಡಿಯಲ್ಲಿ ಹೊಸ ಕನ್ನಡಕ ತೊಡಿಸಿ ಮೂಗಿನ ಮೇಲೆ ಸರಿಯಾಗಿ ಕೂತಿದೆಯೇ ಎಂದು ನೋಡುವಾಗ ನೋಡುವಷ್ಟು ಗಮನವಿಟ್ಟು. ಆಮೇಲೆ ಎರಡು ಬೆರಳನ್ನು ತುಟಿಗೆ ತಂದು, ಬಾಯಲ್ಲಿದ್ದದ್ದನ್ನು ತೆಗೆದು, ತಟ್ಟೆಯ ಅಂಚಿನಲ್ಲಿ ಇಟ್ಟಳು.

‘ಚೆನ್ನಾಗಿಲ್ಲ,’ ಎಂದಳು. ‘ಒಣಗಿಹೋಗಿದೆ. ನಾನು ತಿನ್ನಲ್ಲ.’

ಅವನ ಮುಖದ ಮೇಲೆ ಸ್ಟುಡಿಯೋದ ಆ ನಗು, ಉಗಿದ ಕಾಗದವನ್ನು ಎಲ್ಲರಿಗೂ ತೋರಿಸಿದಾಗ ಬಂದ ಆ ನಗು, ಕರೆಯದಿದ್ದರೂ ಅರ್ಧ ದಾರಿ ಬಂತು. ಅವನು ಅದನ್ನು ತಡೆದ. ತಡೆದ ಮೇಲೆ ಆ ಜಾಗದಲ್ಲಿ ಏನು ಉಳಿಯಿತೋ ಅವನಿಗೆ ಗೊತ್ತಾಗಲಿಲ್ಲ. ಮುಖ ಮುಚ್ಚಿಕೊಳ್ಳಬೇಕು ಅನ್ನಿಸಿತು, ಮುಚ್ಚಿಕೊಳ್ಳುತ್ತಾನೋ ಎಂದು ಅವಳು ಕಾದು ನೋಡುತ್ತಿರುವಳೇನೋ ಎನ್ನಿಸಿ ಕೈ ಮೇಜಿನ ಮೇಲೆಯೇ ಇಟ್ಟುಕೊಂಡ. ಬಾಣಲೆ ಒಲೆಯ ಮೇಲೆ ಆರುತ್ತ ಒಮ್ಮೆ ಟಿಣ್ ಎಂದಿತು.

‘ನೋಡು, ಹೇಳೇಬಿಟ್ಟೆ,’ ಎಂದಳು ಅವಳು, ಕಣ್ಣು ಕೀಳದೆ. ದನಿ ತೀರಾ ಸಣ್ಣದಾಗಿತ್ತು. ‘ಏನೂ ಆಗಲಿಲ್ಲ.’

ಅವನು ಹೌದೆಂದು ತಲೆಯಾಡಿಸಿದ. ಅವಳ ಕಣ್ಣು ತುಂಬಿತು, ಆದರೆ ಅವಳು ಅಳಲಿಲ್ಲ. ಅವನೂ ಎದ್ದು ಅವಳ ಹತ್ತಿರ ಹೋಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವಳು ಮೂಗೊರೆಸಿಕೊಂಡು, ‘ಬ್ರೆಡ್ ಇದೆಯಾ?’ ಎಂದು ಕೇಳಿದಳು. ಇದೆ ಎಂದ. ಎದ್ದು ಹೋಗಿ ದಪ್ಪಗೆ ಎರಡು ತುಂಡು ಕೊಯ್ದು ತಂದು ಅವಳ ಮುಂದೆ ಇಟ್ಟು, ಅವಳಿಗೆ ಬೆನ್ನು ಮಾಡಿ ಸಿಂಕಿನ ಮುಂದೆ ನಿಂತು ನಲ್ಲಿ ಬಿಟ್ಟ. ನೀರು ಬೀಳುವ ಸದ್ದಿನಲ್ಲಿ ಅವಳು ತಿನ್ನುತ್ತಿದ್ದಾಳೋ ಇಲ್ಲವೋ ಕೇಳಿಸುತ್ತಿರಲಿಲ್ಲ, ಅವನು ತಿರುಗಿ ನೋಡಲಿಲ್ಲ.